ಶೈಲಾಳ ಪಾಲು

ಕಾವ್ಯಾ, ಬಸೂ, ಹೋದ ತಿಂಗಳು ನೀವಿಬ್ಬರೂ ನಿಮ್ಮವ್ವನ ಮೇಲೆ ಸಿಟ್ಟಾಗಿದ್ದಿರಲ್ಲ, ಆ ವಿಷಯ ಬರೆಯಬೇಕೆಂದು ನಿಮ್ಮ ಅಜ್ಜಿ ನಾನು ಕೂತಿದ್ದೇನೆ. ಬಾಯಿಬಿಟ್ಟು ಹೇಳಲು ನನಗಾಗುವುದಿಲ್ಲ. ಮಾತಾಡುವುದೆಂದರೆ ಮೊದಲಿನಿಂದಲೂ ನನಗೆ ಹಿಂಜರಿಕೆ, ನಿಮ್ಮಂಥ ಮಕ್ಕಳ ಮುಂದೆ ಕೂಡ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿ ಉಳಿದಿದೆ. ಅಷ್ಟರಲ್ಲಿ ಬರೆಯುತ್ತೇನೆ.

ಅವತ್ತು ಮೊಬೈಲಿನಲ್ಲಿ ನಿಮ್ಮ ಕ್ಲಾಸು ನಡೆದಿತ್ತು. ಕಾವ್ಯಾಳ ಗೆಳತಿ ವೈಷ್ಣವಿ ಬಂದಿರಲಿಲ್ಲ. ಮಿಸ್ಸು ಹಾಜರಿ ಕರೆದಾಗ ಕಾವ್ಯಾ ವೈಷ್ಣವಿಯ ಹೆಸರಿನಲ್ಲಿ ತಾನೇ ಹಾಜರಿ ಹಾಕಿ ಕಿಸಕ್ಕನೆ ನಕ್ಕಳು. ಒಲೆಯ ಮುಂದಿದ್ದ ನಿಮ್ಮವ್ವ ಎದ್ದು ಬಂದು ಮೊಬೈಲು ಕಸಿದುಕೊಂಡಳು. ಬೈಯಲಿಲ್ಲ. ಚಪ್ಪಲಿ ಮೆಟ್ಟಿದಳು, ಉರಿಬಿಸಿಲಿನಲ್ಲಿ ತಲೆಯ ಮೇಲೆ ಸೆರಗೂ ಇಲ್ಲದೆ ವೈಷ್ಣವಿಯ ಮನೆಗೆ ನಡೆದಳು. ಆ ಹುಡುಗಿ ಉಂಡು ಮಲಗಿತ್ತು. ನಿಮ್ಮವ್ವ ಅದನ್ನು ಎಬ್ಬಿಸಿ, ಮುಖ ನೋಡಿ, ಹಣೆ ಮುಟ್ಟಿ ಬಂದಳಂತೆ. "ಅವ್ವಗ ತಲಿ ಕೆಟ್ಟೈತಿ" ಎಂದು ಬಸು ನಕ್ಕ. ಅವಳು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕುಳಿತವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಮರುದಿನ ಬಸುನ ಮೊಬೈಲಿನ ಒಡೆದ ಗಾಜು ಹಾಕಿಸಲು ನಾನೂ ಅವಳೂ ಸವದತ್ತಿ ಪ್ಯಾಟಿಗೆ ಹೋದೆವು. ಆ ಅಂಗಡಿ ಮೊದಲು ಕಂಪ್ಯೂಟರ್ ಸೆಂಟರ್ ಆಗಿತ್ತು. ಅಂಗಡಿಯವನು ಒಳಗಿನ ಬಾಗಿಲು ತೆರೆದ ಕೂಡಲೇ ಕಾದ ಬ್ಯಾಟರಿಯ ಹುಳಿ ವಾಸನೆ, ಅದರ ಜೊತೆಗೆ ಊದುಬತ್ತಿಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಕಳೆದರೂ ಆ ಕೋಣೆ ಅದೇ ವಾಸನೆ ಇಟ್ಟುಕೊಂಡಿದೆ. ನಿಮ್ಮವ್ವ ನನ್ನ ಕೈ ಹಿಡಿದಳು. ಗಾಜು ಹಾಕುವತನಕ ಬಿಡಲಿಲ್ಲ.

ಅದು ಎರಡು ಸಾವಿರದ ಎಂಟರ ಸುಮಾರು ಇರಬೇಕು. ನಿಮ್ಮವ್ವ ಸುನಂದಾಳಿಗೆ ಇನ್ನೂ ಮದುವೆಯಾಗಿರಲಿಲ್ಲ. ನಿಮ್ಮ ಅಜ್ಜ ಹೋಗಿ ಕೆಲವು ವರ್ಷಗಳಾಗಿದ್ದವು. ನಾನು ಮನೆಯಲ್ಲಿ ಕೂತು ಹೂಬತ್ತಿ ಹೊಸೆದು ಉಗರಗೋಳದ ಅಂಗಡಿಗಳಿಗೆ ಕೊಡುತ್ತಿದ್ದೆ. ಎಲ್ಲಮ್ಮನ ಗುಡ್ಡಕ್ಕೆ ಬರುವವರು ಒಯ್ಯುತ್ತಿದ್ದರು. ಸುನಂದಾಳಿಗೆ ಎಂ.ಎ. ಮಾಡುವ ಆಸೆ. ಧಾರವಾಡಕ್ಕೆ ಕಳಿಸುವ ಶಕ್ತಿ ನಮಗಿರಲಿಲ್ಲ. ಆ ವರ್ಷ ಯೂನಿವರ್ಸಿಟಿಯವರು ಮನೆಯಲ್ಲಿದ್ದುಕೊಂಡೇ ಇತಿಹಾಸ ಓದುವ ಹೊಸ ವ್ಯವಸ್ಥೆ ಮಾಡಿದ್ದರು. ನಾಲ್ಕು ಜನರದೊಂದು ಗುಂಪು. ಪ್ರತಿ ಐತವಾರ ಮಧ್ಯಾಹ್ನ ನಾಲ್ವರೂ ತಮ್ಮ ತಮ್ಮ ಊರಿನ ಕಂಪ್ಯೂಟರ್ ಮುಂದೆ ಕೂತು, ಬರೆದು ಬರೆದೇ ಮಾತಾಡಿ, ಎಲ್ಲರೂ ಕೂಡಿ ಒಂದೇ ಲೇಖನ ಮಾಡಬೇಕು. ಬೆಳಗಾವಿಯಿಂದ ಸರ್ ಒಬ್ಬರು ಹಾಜರಿ ತೆಗೆದುಕೊಂಡು ನಡುನಡುವೆ ಕಂಪ್ಯೂಟರಿನಲ್ಲೇ ಬಂದು ನೋಡುತ್ತಿದ್ದರು.

ಲಗ್ನವಾಗದ ಹುಡುಗಿ ಸೆಂಟರಿನ ಬಟ್ಟೆಯ ಪರದೆ ಕಟ್ಟಿದ ಗೂಡುಗಳಲ್ಲಿ ಒಬ್ಬಳೇ ಹೋಗಿ ಕೂರುವುದು ನಿಮ್ಮ ಅಜ್ಜನ ತಮ್ಮನಿಗೆ ಸರಿಬರಲಿಲ್ಲ. "ಹೋಗೂದಾದ್ರ ವೈನಿ, ನೀವೂ ಕೂಡ ಹೋಗಿ ಕುಂದರ್ರಿ" ಎಂದ. ಹೀಗಾಗಿ ನಾನೂ ಪ್ರತಿ ಐತವಾರ ಸೆಂಟರಿಗೆ ಹೋಗಿ, ಚಪ್ಪಲಿ ಬಿಡುವ ಜಾಗದ ಹತ್ತಿರ ಒಂದು ಸ್ಟೂಲಿನ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದೆ. ಸೆಂಟರಿನ ಈರಣ್ಣ ಮೊದಲ ದಿನವೇ ನನ್ನನ್ನು ನಗಿಸಲು ನೋಡಿದ. "ಅವ್ವಾರ, ನಿಮ್ಮ ಹತ್ತಿ ಹಾರಿ ಮಿಷಿನ್ನಿನಾಗ ಹೋದ್ರ ಅದೂ ದೀಪಾ ಹಚ್ಚಿಕೊಂಡ ಕುಂದರತೈತಿ." ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಆಮೇಲೆ ಅವನೇ ಸ್ಟೂಲನ್ನು ಸುನಂದಾಳ ಬೆನ್ನ ಹಿಂದೆ ಹಾಕಿಕೊಟ್ಟ.

ಅಲ್ಲಿಂದ ನನಗೆ ಕಂಪ್ಯೂಟರಿನ ಪರದೆ ಕಾಣುತ್ತಿತ್ತು, ಆದರೆ ಓದಲು ಬರುತ್ತಿರಲಿಲ್ಲ. ಅವರು ಬರೆಯುತ್ತಿದ್ದದ್ದು ನಮ್ಮದೇ ಮಾತು, ಆದರೆ ಅಕ್ಷರ ಇಂಗ್ಲಿಷಿನವು. ಆಗ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಎಲ್ಲರಿಗೂ ಗೊತ್ತಿರಲಿಲ್ಲ. ಸುನಂದಾ ಸಣ್ಣ ದನಿಯಲ್ಲಿ ಓದಿ ಹೇಳಿದರೆ ಮಾತ್ರ ಅವು ನನಗೆ ಮಾತುಗಳಾಗುತ್ತಿದ್ದವು. ನಾನು ಮುಖ ನೋಡದ ಮೂವರು ಹಾಗೆಯೇ ನನಗೆ ಪರಿಚಯವಾದರು.

ಬೈಲಹೊಂಗಲದ ರಿಯಾಜ, ಹತ್ತಿ ಲಾರಿ ಓಡಿಸುವವರ ಮಗ. ವಾರವಿಡೀ ಟೈರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಕಿತ್ತೂರಿನ ಮಹಾಂತೇಶ ಖಾಸಗಿ ಸಾಲೆಯ ಮಾಸ್ತರ. ಬರೆದರೆ ಪಾಠ ಹೇಳಿದಂತೆಯೇ ಬರೆಯುತ್ತಿದ್ದ. ಮೂರನೆಯವಳು ಶೈಲಾ, ರಾಮದುರ್ಗದ ಹತ್ತಿರದ ತೊರಗಲ್ಲಿನ ಸೊಸೆ. ಅವಳ ಗಂಡ ಗೋವಾದ ಕಡೆ ಕೆಲಸಕ್ಕಿದ್ದ. ಅವಳು ಬಸ್ಸು ಹಿಡಿದು ರಾಮದುರ್ಗದ ಸೆಂಟರಿಗೆ ಬರುತ್ತಿದ್ದಳು.

ಅವರು ಬರೆಯಬೇಕಾಗಿದ್ದದ್ದು ನಮ್ಮ ಸೀಮೆಯ ಕೋಟೆಗಳ ಬಗ್ಗೆ. ಒಬ್ಬೊಬ್ಬರಿಗೆ ತಮ್ಮ ಊರಿನ ಪಾಲು. ಮಹಾಂತೇಶನಿಗೆ ಕಿತ್ತೂರಿನ ಕೋಟೆ ಎಂದರೆ ಬಲು ಜಂಬ. ತೊರಗಲ್ಲಿನ ಕೋಟೆಯೊಳಗೆ ಈಗ ಎಮ್ಮೆ ಕಟ್ಟುತ್ತಾರಂತೆ, ಹೌದೇ ಎಂದು ಒಮ್ಮೆ ಚುಚ್ಚಿದ. ಶೈಲಾ ತಡಮಾಡದೆ ಬರೆದಳು, ಸುನಂದಾ ಓದುವ ಮೊದಲೇ ನಕ್ಕಳು. "ಕಟ್ಟತೇವ್ರೀ ಸರ. ನಿಮ್ಮ ಕೋಟಿ ನೋಡಾಕಷ್ಟ ಐತಿ. ನಮ್ಮ ಕೋಟಿ ಗ್ವಾಡಿ ಮ್ಯಾಲ ನಾವು ಹಪ್ಪಳ ಒಣಗಸತೇವಿ, ಬ್ಯಾಸಿಗಿಗೆ ಬರ್ರಿ, ಕೊಡತೇನಿ." ಅಂಥ ಹುಡುಗಿ ಅವಳು. ಒಂದು ಐತವಾರ ಶೈಲಾ ತಡವಾಗಿ ಬಂದರೆ ನನಗೂ ಬತ್ತಿ ಹೊಸೆಯಲು ಬೇಸರವಾಗುತ್ತಿತ್ತು.

ಅವಳಿಗೆ ತೊರಗಲ್ಲಿನ ಹೈಸ್ಕೂಲಿನಲ್ಲಿ ಪಾಠ ಹೇಳಿ ಬಾಯಿ ಅನ್ನಿಸಿಕೊಳ್ಳುವ ಆಸೆ ಇತ್ತು. ಮಾವ ಮೊದಲು ಬೇಡವೆಂದಿದ್ದರಂತೆ. ಹೆಸರು ಹಚ್ಚುವಾಗ ಬೆಳಗಾವಿಯ ಸರ್ ತಾವೇ ಫೋನ್ ಮಾಡಿ ಮಾತಾಡಿದ ಮೇಲೆ ಒಪ್ಪಿದರು. ಮಾಸ್ತರರ ಮಾತೆಂದರೆ ಆ ಮುದುಕರಿಗೆ ಅಷ್ಟು ಗೌರವ. ಮನೆಯಲ್ಲಿ ಇದ್ದದ್ದು ಮಾವನ ಮೊಬೈಲು ಒಂದೇ. ಗಂಡುಹುಡುಗರು ಅದಕ್ಕೆ ಫೋನ್ ಮಾಡಿದರೆ ಓದೇ ನಿಂತುಹೋಗುತ್ತದೆ ಎಂದು ಶೈಲಾ ಗುಂಪಿನಲ್ಲಿ ಯಾರಿಗೂ ನಂಬರು ಕೊಟ್ಟಿರಲಿಲ್ಲ. ಅದು ಸರ್ ಹತ್ತಿರ ಮಾತ್ರ ಇತ್ತು.

ಸರ್ ಒಂದು ನಿಯಮ ಮಾಡಿದ್ದರು. ಯಾರೇ ಆಗಲಿ ಎರಡು ವಾರ ಬರದಿದ್ದರೆ ಅವರ ಮನೆಗೆ ಫೋನ್ ಮಾಡುವುದು. ಆಮೇಲೂ ಬರದಿದ್ದರೆ ಗುಂಪಿನಿಂದ ಹೆಸರು ತೆಗೆಯುವುದು.

ಆ ವರ್ಷ ಹಿಂಗಾರಿ ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಸುರಿಯಿತು. ಕರೆಂಟು ಹೋಗುತ್ತಿತ್ತು. ರಾಮದುರ್ಗದಲ್ಲಿ ಕರೆಂಟು ಹೋದರೆ ಶೈಲಾ ಬರೆದದ್ದು ಅರ್ಧಕ್ಕೆ ನಿಲ್ಲುತ್ತಿತ್ತು. ಒಮ್ಮೆ ಹಾಗಾದ ಮೇಲೆ ಅವಳು ತನ್ನ ಪಾಸ್‌ವರ್ಡ್ ಸುನಂದಾಳಿಗೆ ಕೊಟ್ಟಳು, ನಾನಿಲ್ಲದಾಗ ನನ್ನದನ್ನು ನೀನೇ ಹಾಕು ಎಂದು. ಪಾಸ್‌ವರ್ಡ್ ಎಂದರೆ ಬೀಗದ ಕೈಯಂತೆ ಎಂದು ಸುನಂದಾ ನನಗೆ ತಿಳಿಸಿ ಹೇಳಿದಳು. ಅದು ಶೈಲಾಳ ಮನೆಯ ಎಮ್ಮೆಯ ಹೆಸರು, ಗೌರಿ. ಅದಕ್ಕೂ ನಾವು ನಕ್ಕೆವು.

ದಸರೆ ಆದ ಮೊದಲ ಐತವಾರ ಶೈಲಾ ಸ್ವಲ್ಪ ಹೊತ್ತು ಬಂದು, ಏನೋ ಬರೆದು ಹೋದಳು. ಸುನಂದಾ ಅದನ್ನು ಪೂರ್ತಿ ಓದಲಿಲ್ಲ. ಅಕ್ಕಪಕ್ಕದ ಗೂಡುಗಳಲ್ಲಿ ಗಂಡಸರಿದ್ದರು. ನನ್ನ ಕಡೆ ಬಾಗಿ, "ಶೈಲಾಗ ಆರಾಮಿಲ್ಲಂತವ್ವ. ಬಸರಿ ಅದಾಳ" ಎಂದಷ್ಟೇ ಹೇಳಿದಳು. ನನಗೆ ಸಂತೋಷವಾಯಿತು. ಎಳೆಯ ಬಸುರಿಗೆ ಬಸ್ಸಿನ ಓಡಾಟ ಬೇಡ, ಮನೆಯಲ್ಲಿರಲಿ ಎಂದುಕೊಂಡೆ. ಎಳೆಯ ಬಸುರಲ್ಲ, ಏಳು ತುಂಬುತ್ತ ಬಂದಿತ್ತು ಎಂದು ಮುಂದಿನ ವಾರ ಸುನಂದಾಳಿಂದ ಗೊತ್ತಾಯಿತು.

ಅದರ ಮುಂದಿನ ವಾರ ಅವಳು ಬರಲಿಲ್ಲ. ಮತ್ತೊಂದು ವಾರ ಬಂದಿತು. ಸರ್ ಹಾಜರಿ ಕರೆಯುವ ಮೊದಲು ಮೂವರೂ ಅವಸರದಲ್ಲಿ ಬರೆದು ಮಾತಾಡಿಕೊಂಡರು. ರಿಯಾಜ, ಸರ್‌ಗೆ ಹೇಳಿಬಿಡೋಣ ಎಂದ. ಮಹಾಂತೇಶ ಒಪ್ಪಲಿಲ್ಲ. ಅವನ ಮಾತನ್ನು ಸುನಂದಾ ನನಗೆ ಓದಿ ಹೇಳಿದ್ದಳು. "ಹೇಳಿದ್ರ ಫೋನ್ ಹಚ್ಚತಾರ, ಅಲ್ಲಿ ಮಾವ ಓದೂದು ಸಾಕು ಅಂತಾನ. ಹೆಸರು ಹೋತು ಅಂದ್ರ ಒಂದ ವರ್ಷ ಹೋತು. ಆಕಿ ತವರಿಗೆ ಹೋಗಿರಬೇಕು. ಬಾಣಂತನಾ ಮುಗಿಸಿ ಬರೂತನಾ ಆಕಿ ಪಾಲು ನಾವು ಬರಿಯೂಣು."

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೊಸೆ ಏಳನೆಯ ತಿಂಗಳಲ್ಲಿ ಹೋದರೆ ಕೂಸಿನ ಜೊತೆಗೇ ತಿರುಗಿ ಬರುವುದು. ಆದ್ದರಿಂದ ಆ ಮಾತನ್ನು ಯಾರೂ ಅನುಮಾನಿಸಲಿಲ್ಲ. ರಿಯಾಜನೂ ಹೂಂ ಎಂದ. ಸರ್ ಬಂದು ಹಾಜರಿ ಕೇಳಿದರು. ಸುನಂದಾ ಮೊದಲು ತನ್ನ ಹಾಜರಿ ಹಾಕಿದಳು, ಆಮೇಲೆ ಗೌರಿ ಎಂದು ಒತ್ತಿ ಶೈಲಾಳ ಬಾಗಿಲು ತೆರೆದು ಶೈಲಾಳದನ್ನೂ ಹಾಕಿದಳು.

ಇದು ನನಗೆ ಹೊಸದಲ್ಲ. ನಮ್ಮ ಊರಿನ ಕಡೆ ಹೆಣ್ಣುಮಕ್ಕಳು ಕಳೆ ತೆಗೆಯಲು ಮುಯ್ಯಾಳು ಹೋಗುತ್ತಾರೆ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಯಾರಾದರೂ ಬರಲಾಗದಿದ್ದರೆ ಆಚೆ ಈಚೆಯವರು ಅವಳ ಸಾಲನ್ನೂ ಹರಗುತ್ತ ಹೋಗುತ್ತಾರೆ, ಅದು ಅವಳ ಲೆಕ್ಕಕ್ಕೇ ಸೇರುತ್ತದೆ. ಇವರು ಮಾಡುತ್ತಿರುವುದೂ ಅದೇ ಎಂದುಕೊಂಡೆ. ಒಂದು ಮಾತ್ರ ಬೇರೆ ಇತ್ತು, ಅದು ಆಗ ಹೊಳೆಯಲಿಲ್ಲ. ಹೊಲದಿಂದ ಬರುವಾಗ ಸಂಜೆ ನಾವೆಲ್ಲ ಅವಳ ಮನೆಯ ಮುಂದೆ ಹಾದೇ ಬರುತ್ತಿದ್ದೆವು. ಬಾಗಿಲಲ್ಲಿ ನಿಂತು, ಏನಾಗಿದೆ, ಯಾಕೆ ಬರಲಿಲ್ಲ ಎಂದು ಕೇಳದೆ ಯಾರೂ ಮನೆ ಸೇರುತ್ತಿರಲಿಲ್ಲ. ಐತವಾರ ಸೆಂಟರಿನಿಂದ ಹೊರಬಂದರೆ ಸವದತ್ತಿಯ ಬೀದಿಯಲ್ಲಿ ಶೈಲಾಳ ಮನೆ ಎಲ್ಲಿತ್ತು?

ಹಾಗೆ ನಡೆಯಿತು. ಶೈಲಾ ಮೊದಲು ಹೇಳಿದ್ದನ್ನೆಲ್ಲ ನೆನೆನೆನೆದು ಮೂವರೂ ತೊರಗಲ್ಲಿನ ಪಾಲು ಬರೆದರು. ಸರ್ ಇದ್ದಾಗ ಸುಮ್ಮನಿರಬಾರದಲ್ಲ, ಸುನಂದಾ ಶೈಲಾಳಾಗಿ ಮಾತೂ ಆಡತೊಡಗಿದಳು. ಅವಳ ಹಾಗೇ ಚೇಷ್ಟೆ ಮಾಡುವಳು, ಮಹಾಂತೇಶನನ್ನು ಕೆಣಕುವಳು. ಅವನೂ ಮರೆತು ನಿಜವಾಗಿಯೇ ಸಿಟ್ಟಿಗೇಳುವನು. ಒಮ್ಮೆ ರಿಯಾಜ ಸರ್ ಇಲ್ಲದಾಗಲೂ, ಶೈಲಾ, ನೀ ಏನಂತಿ ಎಂದು ಬರೆದ. ಸುನಂದಾ ನಕ್ಕು ಶೈಲಾಳಾಗಿ ಉತ್ತರ ಬರೆದಳು. ದೀಪಾವಳಿ ಬಂದು ಹೋಯಿತು. ಒಂದೇ ಒಂದು ವಾರ ಬಿಟ್ಟರೆ ಶೈಲಾ ತಪ್ಪದೆ ಬರುವ ವಿದ್ಯಾರ್ಥಿನಿ ಎಂದು ಸರ್ ಮೆಚ್ಚಿಕೊಂಡರು.

ಎಳ್ಳಮಾಸಿಯ, ಎಂದರೆ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಲೇಖನ ಮುಗಿಯುತ್ತ ಬಂದಿತ್ತು. ಗೋಡೆಯ ಮೇಲೆ ಹಪ್ಪಳ ಒಣಗಿಸುವ ತೊರಗಲ್ಲಿನ ಪಾಲು ಎಲ್ಲಕ್ಕಿಂತ ಚೆನ್ನಾಗಿದೆ, ಕೋಟೆಯ ಬಾಗಿಲಿನದೊಂದು ಫೋಟೋ ಸೇರಿಸಿರಿ ಎಂದು ಸರ್ ಹೇಳಿದರು. ಫೋಟೋ ಯಾರ ಹತ್ತಿರವೂ ಇರಲಿಲ್ಲ. ಮಹಾಂತೇಶನ ಸಾಲೆಯಲ್ಲಿ ಕ್ಯಾಮೆರಾ ಇತ್ತು. ವಾರದ ನಡುವೆ ಒಂದು ದಿನ ರಜೆ ಹಾಕಿ ಎಲ್ಲರೂ ಕೂಡಿ ತೊರಗಲ್ಲಿಗೇ ಹೋಗಿಬರೋಣ, ಶೈಲಾ ಗಂಡನ ಮನೆಗೆ ಬಂದಿದ್ದರೆ ಕೂಸನ್ನೂ ನೋಡಿದಂತಾಯಿತು ಎಂದು ಮಾತಾಯಿತು. ನಾನು ಹಳೆಯ ಖಣದ ಬಟ್ಟೆ ಹುಡುಕಿ ಕೂಸಿಗೊಂದು ಕುಂಚಿಗೆ ಹೊಲಿದೆ. ಕೊಬ್ಬರಿ, ಉತ್ತತ್ತಿ ಕಟ್ಟಿದೆ. ನಾನು ಕೊಡುವುದು ಸರಿಯಲ್ಲ, ಗಂಡ ಸತ್ತವಳು. ನೀನೇ ಕೊಡಬೇಕು ಎಂದು ಸುನಂದಾಳ ಚೀಲದಲ್ಲಿ ಇಟ್ಟೆ.

ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಮೊದಲ ಸಲ ಮುಖಾಮುಖಿ ನಿಂತರು. ಪರದೆಯ ಮೇಲೆ ಅಷ್ಟೊಂದು ವಟಗುಟ್ಟುತ್ತಿದ್ದವರಿಗೆ ಒಂದು ಮಾತೂ ಹೊರಡದು. ಮಹಾಂತೇಶ ಗಿಡ್ಡ, ಮೆತ್ತಗಿನ ದನಿ, ಜಂಬದ ಸುಳಿವೇ ಇಲ್ಲ. ರಿಯಾಜ ಬಂದವನೇ ನನ್ನ ಕೈಚೀಲ ಇಸಿದುಕೊಂಡ. "ಅವ್ವಾರ, ನೀವು ಬತ್ತಿ ಮಾಡೂದು ನನಗ ಗೊತ್ತೈತ್ರಿ. ಸುನಂದಾ ಬರದಾಳ" ಎಂದ. ನಾನು ಅವರನ್ನು ನೋಡುತ್ತ ಕೂತಿದ್ದಾಗ ಅವರೂ ನನ್ನನ್ನು ಹೀಗೆ ನೋಡುತ್ತಿದ್ದರೆಂದು ತಿಳಿದು ನನಗೆ ನಾಚಿಕೆಯಾಯಿತು.

ತೊರಗಲ್ಲಿನ ದಾರಿಯ ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಶೈಲಾಳ ಮನೆಯನ್ನು ಯಾರಿಗೂ ಕೇಳಬೇಕಾಗಲಿಲ್ಲ. ಕೋಟೆಯ ಬಾಗಿಲು ದಾಟಿ ಎಡಕ್ಕೆ, ಗೋಡೆಗೆ ಹತ್ತಿಕೊಂಡೇ ಹಿತ್ತಲು. ಅವರು ಬರೆದ ಹಾಗೆಯೇ ಇತ್ತು. ಮನೆಯ ಮುಂದೆ ನನ್ನ ವಯಸ್ಸಿನ ಹೆಣ್ಣುಮಗಳೊಬ್ಬಳು ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ಶೈಲಾ ಅವರ ಮನೆ ಇದೇ ಏನು, ನಾವು ಆಕೆಯ ಕೂಡ ಓದುವವರು ಎಂದು ಮಹಾಂತೇಶ ಕೇಳಿದ.

ಆಕೆ ಕಣಿಕೆಯ ಕಟ್ಟು ಕೆಳಗಿಟ್ಟಳು. ನಮ್ಮೆಲ್ಲರ ಮುಖ ಒಂದು ಸುತ್ತು ನೋಡಿದಳು.

"ಕೂಡ ಓದಾವ್ರಿಗೆ ಗೊತ್ತಿಲ್ಲೇನ್ರಪಾ? ನಮ್ಮ ಸೊಸಿ ತೀರಿಕೊಂಡ್ಲು. ದೀಪಾವಳಿ ಆದ ಮ್ಯಾಲ."

ಎಮ್ಮೆ ಕಟ್ಟಿನ ಕಡೆ ಕತ್ತು ಚಾಚಿತು. "ಗೌರೀ, ಹಿಂದ ಸರಿ" ಎಂದು ಆಕೆ ಅದರ ಮೂತಿ ತಳ್ಳಿದಳು. ಆ ಹೆಸರು ಕೇಳಿದ್ದೇ ಸುನಂದಾ ಕಟ್ಟೆಯ ಮೇಲೆ ಕುಸಿದು ಕುಳಿತು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಎಷ್ಟು ವಾರ ಆ ಹೆಸರನ್ನು ಒತ್ತಿದ ಬೆರಳುಗಳು ಅವು.

ಒಳಗೆ ಕರೆದು ನೀರು ಕೊಟ್ಟರು. ಮಾವ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು, ಏಳಲಿಲ್ಲ. ಅತ್ತೆಯೇ ಹೇಳಿದಳು. ಶೈಲಾ ತವರಿಗೆ ಹೋಗಿರಲೇ ಇಲ್ಲ. ಅವಳಿಗೆ ತವರೇ ಇರಲಿಲ್ಲ. ಇವಳು ಸಣ್ಣವಳಿದ್ದಾಗಲೇ ತಾಯಿ ಸತ್ತಿದ್ದಳು. ಇಲ್ಲಿಯೇ ಹೆರುವವಳಿದ್ದಳು. ಕಾಲು ಬಾತವು, ಮುಖ ಬಾತಿತು, ತಲೆಯ ನೋವು ನಿಲ್ಲಲಿಲ್ಲ. ಒಂದು ಮುಂಜಾನೆ ಕೈಕಾಲು ಸೆಟೆದುಕೊಂಡವು. ಟೆಂಪೋ ಮಾಡಿಕೊಂಡು ಬೆಳಗಾವಿಗೆ ಹೊರಟರೆ ಯರಗಟ್ಟಿ ದಾಟುವ ಮೊದಲೇ ಜೀವ ಹೋಯಿತು. ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ.

"ಮೊದಲ ಒಯ್ಯಬೇಕಾಗಿತ್ತು" ಎಂದಳು ಆಕೆ, ಸುನಂದಾಳ ಕಡೆ ತಿರುಗಿ. "ಆಕಿ ಅಂತಿದ್ಲು, ಬೆಳಗಾಂವಿಗೆ ತೋರಸ್ರಿ ಅಂತ. ಇವರು ಕೇಳಲಿಲ್ಲ. ಬಸರ ಹೆಂಗಸರ ಕಾಲು ಬಾಯೂದಿಲ್ಲೇನು ಅಂದ್ರು. ಕಡೀಕ ಆಕಿ ಏನಂದ್ಲು, ನಾ ಎರಡ ವಾರ ಹೋಗಲಿಲ್ಲಂದ್ರ ನಮ್ಮ ಸರ್ ಫೋನ್ ಮಾಡತಾರ, ಅವರನ್ನರ ಕೇಳ್ರಿ ಅಂದ್ಲು. ಹೂನವಾ, ಅವರು ಹೇಳಿದ್ರ ಒಯ್ಯೂಣು ಅಂದ್ರು ಇವರು. ಹೊಲಕ್ಕ ಹೋದ್ರೂ ಫೋನ್ ಕಿಸೆದಾಗ ಇಟಗೊಂಡ ಹೋಗತಿದ್ರು. ಆಕಿ ದಿನಾ ಸಂಜಿಕ ಕೇಳಾಕಿ, ಮಾವಾರ, ಫೋನ್ ಬಂದಿತ್ತೇನ್ರಿ ಅಂತ."

ರಿಯಾಜ ನೀರಿನ ಲೋಟ ಕೆಳಗಿಟ್ಟ.

"ಬರಲಿಲ್ಲ ನೋಡವಾ. ಸರ್ ದೊಡ್ಡ ಮನಶ್ಯಾರು. ಅವರಿಗೆ ಎಷ್ಟ ಮಂದಿದು ನೆನಪ ಇರತೈತಿ, ಪಾಪ."

ಹೊರಡುವಾಗ ಸುನಂದಾಳ ಚೀಲದಿಂದ ಕುಂಚಿಗೆಯ ಅಂಚು ಹೊರಗೆ ಇಣುಕಿತ್ತು. ಅತ್ತೆ ಅದನ್ನು ತಾನೇ ತೆಗೆದುಕೊಂಡಳು, ತೊಡೆಯ ಮೇಲೆ ಹರವಿ ನೆರಿಗೆ ಸರಿಮಾಡಿದಳು, ಮಡಚಿ ನನ್ನ ಕೈಯಲ್ಲೇ ಇಟ್ಟಳು. "ಬ್ಯಾರೆ ಕೂಸಿಗೆ ಹಾಕ್ರಿ ಯಕ್ಕಾ" ಎಂದಳು. ಕಾವ್ಯಾ, ನೀನು ಹುಟ್ಟಿದಾಗ ಅದನ್ನು ಪೆಟ್ಟಿಗೆಯಿಂದ ತೆಗೆದಿದ್ದೆ. ನಿಮ್ಮವ್ವ ನಿನಗೆ ಹಾಕಗೊಡಲಿಲ್ಲ. ಇನ್ನೂ ಅಲ್ಲೇ ಇದೆ.

ಕೋಟೆಯ ಫೋಟೋ ಯಾರೂ ತೆಗೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಸುನಂದಾ ಶೈಲಾ ಕೊನೆಯ ಸಲ ಬರೆದದ್ದನ್ನು ಮೊದಲ ಬಾರಿಗೆ ನನಗೆ ಪೂರ್ತಿ ಹೇಳಿದಳು. ಕಾಲು ಬಾತಿವೆ, ಚಪ್ಪಲಿ ಹೋಗುತ್ತಿಲ್ಲ, ತಲೆ ಸಿಡಿಯುತ್ತಿದೆ, ಪರದೆಯ ಮೇಲಿನ ಅಕ್ಷರ ಎರಡೆರಡಾಗಿ ಕಾಣುತ್ತಿವೆ ಎಂದು ಬರೆದಿದ್ದಳಂತೆ. ನನ್ನ ಅಕ್ಕನಿಗೆ ಬಸುರಿದ್ದಾಗ ಹೀಗೇ ಆಗಿತ್ತು. ಮನೆಗೆ ಬಂದ ಮುದುಕಿಯೊಬ್ಬಳು ಅವಳ ಕಾಲು ಒತ್ತಿ ನೋಡಿ, ಈಗಿಂದೀಗ ದವಾಖಾನೆಗೆ ಒಯ್ಯಿರಿ ಎಂದು ಗಂಡಸರನ್ನು ಬೈದು ಎಬ್ಬಿಸಿದ್ದಳು. ಅಕ್ಕ ಉಳಿದಳು. ಆ ಮಾತನ್ನು ನಾನು ಸುನಂದಾಳಿಗೆ ಅವತ್ತು ಹೇಳಲಿಲ್ಲ, ಇಂದಿನವರೆಗೂ ಹೇಳಿಲ್ಲ. ಹೊರಗೆ ಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು.

ಮುಂದಿನ ಐತವಾರವೂ ನಾವು ಸೆಂಟರಿಗೆ ಹೋದೆವು. ಹತ್ತಿ ತಂದಿದ್ದೆ, ಕೈ ಓಡಲಿಲ್ಲ. ಸರ್ ಬಂದು ಹಾಜರಿ ಕೇಳಿದರು. ಬೈಲಹೊಂಗಲದಿಂದ ರಿಯಾಜ ಬರೆದ, ಕಿತ್ತೂರಿನಿಂದ ಮಹಾಂತೇಶ ಬರೆದ, ಸುನಂದಾ ತನ್ನದನ್ನು ಹಾಕಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಪರದೆಯಲ್ಲಿ ಶೈಲಾಳ ಹೆಸರಿನ ಮುಂದಿನ ಜಾಗ ಖಾಲಿ ಇತ್ತು. ಇಂಗ್ಲಿಷ್ ಅಕ್ಷರ ಓದಲು ಬಾರದ ನನಗೂ ಅದು ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಸರ್ ಏನೋ ಕೇಳಿದರು.

"ಏನಂತಾರ?" ಎಂದೆ.

"ಶೈಲಾ ಯಾಕ ಬಂದಿಲ್ಲ ಅಂತ ಕೇಳತಾರವ್ವ."

ರಿಯಾಜ ಉತ್ತರ ಬರೆದ. ತೀರಿಕೊಂಡಿದ್ದಾಳೆ ಎಂದು, ಯಾವಾಗ ಎಂದೂ ಬರೆದ. ಆಮೇಲೆ ಸರ್ ಒಂದೇ ಸಾಲು ಬರೆದರು. ಸುನಂದಾ ಓದಲಿಲ್ಲ. ನಾನು ಅವಳ ಬೆನ್ನು ಮುಟ್ಟಿದೆ. ಎರಡನೆಯ ಸಲ ಮುಟ್ಟಿದಾಗ ತಿರುಗದೆಯೇ ಹೇಳಿದಳು.

"ಹೋದ ವಾರ ಶೈಲಾ ಹಾಜರಿ ಹಾಕ್ಯಾಳಲ್ಲ, ಅಂತಾರ."